ಹಿಟ್ಟಿಗೆ ಹೊದಿಸಿದ ಕಂಬಳಿ

ಹಲಸೂರು
ಜನವರಿ ೭, ೨೦೨೫

ಪ್ರೀತಿಯ ತಂಗಿ ಭಾಗ್ಯಲಕ್ಷ್ಮಿಗೆ,

ನೀನು, ಮಕ್ಕಳು, ಎಲ್ಲರಿಗಿಂತ ಮೊದಲು ಅಮ್ಮ, ಹೇಗಿದ್ದೀರಿ? ಈ ಸಲದ ಚಳಿ ನನಗೆ ಎಷ್ಟಕ್ಕೆ ಬಿತ್ತೆಂದು ಕೂತು ಲೆಕ್ಕ ಹಾಕಿದೆ: ಎರಡು ಪಾತ್ರೆ ಇಡ್ಲಿಹಿಟ್ಟು, ಬಿರಿದ ಹಿಮ್ಮಡಿ, ಅಮ್ಮ.

ಪತ್ರ ತಡವಾಯಿತು, ಬೇಸರ ಮಾಡಿಕೋಬೇಡ. ಅಮ್ಮನ ಕಂಬಳಿ ಒಗೆದು ಒಣಗಲಿ ಎಂದು ಕಾಯುತ್ತಿದ್ದೆ. ಈ ಬಿಸಿಲಿಗೆ ಕರ್ಚೀಫೂ ಒಣಗುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಾತಾಡಿಯೇ ಗೆದ್ದುಬಿಡುತ್ತೇನೆ, ನಿನಗೆ ಗೊತ್ತಲ್ಲ.

ಇಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿದೆ. ನನ್ನ ಇಡ್ಲಿ ಅಂಗಡಿಗೆ ರುಬ್ಬಿಟ್ಟ ಹಿಟ್ಟು ಎರಡು ದಿನ ಉಬ್ಬಲೇ ಇಲ್ಲ. ಎದುರಿನ ಪಂಕ್ಚರ್ ಅಂಗಡಿಯ ಅಹ್ಮದ್ ಪಾಷಾ ಗಿರಾಕಿಗಳ ಮುಂದೆಯೇ, "ಏನಕ್ಕಾ, ಇಡ್ಲಿ ಪಂಕ್ಚರ್ ಆಗೈತಾ? ಕೊಡಿ, ಗಾಳಿ ಹಾಕ್ಕೊಡ್ತೀನಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ ಮಾನ ಹೋದಂತಾಗಿತ್ತು.

ಅಂದು ಸಂಜೆ ಹಿಟ್ಟಿನ ಪಾತ್ರೆಗೆ ಸುತ್ತಲು, ಆಗಿನ್ನೂ ನನ್ನ ಜೊತೆಗಿದ್ದ ಅಮ್ಮನ ಕರಿ ಕಂಬಳಿ ಎತ್ತಿಕೊಂಡೆ. "ಮಲಗೋ ಹೊತ್ತಿಗೆ ಕೊಟ್ಬಿಡ್ತೀನಮ್ಮ" ಅಂದೆ. "ಸುತ್ಕೊ ಹೋಗೇ, ಅದಕ್ಕೂ ಚಳಿ ಆಗ್ತೈತೆ" ಅಂತ ನಕ್ಕಳು. ಕೆಲಸದ ಗಡಿಬಿಡಿಯಲ್ಲಿ ಮರೆತು ಮಲಗಿಬಿಟ್ಟೆ.

ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿಕೊಂಡು ನಿಂತಿತ್ತು. "ಈಗ ಗಾಳಿ ಕರೆಕ್ಟಾಗೈತಕ್ಕಾ" ಅನ್ನುತ್ತಾ ಪಾಷಾ ಇನ್ನೊಂದು ಪ್ಲೇಟ್ ಹಾಕಿಸಿಕೊಂಡ. ನಾನು ಹೊರಗೆ ಬೀಗುತ್ತಿದ್ದೆ. ಒಳಗೆ ಅಮ್ಮ ಹಳೇ ಸೀರೆಗಳನ್ನು ಹೊದ್ದು ಕೆಮ್ಮುತ್ತಿದ್ದಳು. ಮಧ್ಯಾಹ್ನವೇ ಚೀಲ ಕಟ್ಟಿ ನಿನ್ನಲ್ಲಿಗೆ ಹೊರಟಳು. ಕಂಬಳಿ ಕೊಡಲು ಹೋದರೆ, "ಇರ್ಲಿ ಬಿಡು, ನಿನ್ ಹಿಟ್ಟಿಗೆ ಬೇಕಾಗ್ತದೆ" ಅಂದಳು.

ಹಲಸೂರು ಕೆರೆಯ ಗಾಳಿ ಆಗಲ್ಲ, ಇನ್ನು ಅಲ್ಲಿಗೆ ಹೋಗಲ್ಲ ಅಂತ ನಿನಗೆ ಹೇಳಿದಳಂತೆ. ಹಲಸೂರಿಗೂ ನಿಮ್ಮ ಕೆ.ಆರ್. ಪುರಕ್ಕೂ ಚಳಿಯಲ್ಲಿ ಏನೇ ವ್ಯತ್ಯಾಸ? ನನ್ನ ಮಾನ ಉಳಿಸಲು ತಪ್ಪನ್ನು ಕೆರೆಯ ಮೇಲೆ ಹಾಕಿದ್ದಾಳೆ.

ಆಟೋ ಮುನೀರ್ ಕೈಲಿ ಕಂಬಳಿ ಕಳಿಸಿದ್ದೇನೆ. ಎರಡು ಸಲ ಒಗೆದರೂ ಹುಳಿವಾಸನೆ ಹೋಗಿಲ್ಲ. ಸಂಕ್ರಾಂತಿಗೆ ಬರುತ್ತಾಳಾ, ಮೆಲ್ಲಗೆ ಕೇಳಿ ನೋಡು. ಮಕ್ಕಳು ಬೆಚ್ಚಗಿರಲಿ, ಚೆನ್ನಾಗಿ ಬೆಳೆಯಲಿ.

ನಿನ್ನ ಅಕ್ಕ,
ಸುಕನ್ಯ

ಮರೆತ ಮಾತು: ಮರೆತೆ ಅಂತ ಬರೆದದ್ದು ಸುಳ್ಳು. ಮಲಗುವ ಮುಂಚೆ ಕಂಬಳಿ ತೆಗೆಯಲು ಹೋಗಿದ್ದೆ. ಹಿಟ್ಟು ಆಗಷ್ಟೇ ಮೇಲೇಳುತ್ತಿತ್ತು. ಕಂಬಳಿ ತೆಗೆದರೆ ಕೂತುಬಿಡುತ್ತದೆ ಅನ್ನಿಸಿತು. ನನ್ನ ಹೊಸ ರಗ್ಗು ಸುತ್ತಿದರೆ ಕಲೆಯಾಗುತ್ತದೆ, ಅಮ್ಮನಿಗೆ ಕೊಟ್ಟರೆ ನನಗೆ ಚಳಿ. ತಿರುಗಿದರೆ ಅಮ್ಮ ಎದ್ದು ಕೂತು ನನ್ನನ್ನೇ ನೋಡುತ್ತಿದ್ದಳು. ಕಣ್ಣು ಕೂಡಿದ ಕೂಡಲೇ ಮಲಗಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದಳು. ನಾನೂ ನಂಬಿದವಳ ಹಾಗೆ ಹೋಗಿ ರಗ್ಗು ಹೊದ್ದೆ.

ಗಿರಾಕಿಗಳಿಗೆ ಮೆತ್ತನೆಯ ಇಡ್ಲಿ ಸಿಕ್ಕಿತು. ನನಗೆ ಹೊಗಳಿಕೆ. ನಿನಗೆ ಅಮ್ಮ. ಅಮ್ಮನಿಗೆ ಕೆಮ್ಮು.