ತಾತನ ಗುದ್ದಲಿ, ಅಜ್ಜಿಯ ಗುಲಾಬಿ

ಮನೆ,
ಮಾರ್ಚ್ ೧೨, ಭಾನುವಾರ

ಪ್ರೀತಿಯ ತಾತಾ,

ಕಣ್ಣಿನ ಪಟ್ಟಿ ಬಿಚ್ಚಿದರೇ? ನೀರು ಸೋರುವುದು ನಿಂತಿತೇ? ಸುಮ್ಮನಿರದೆ ಉಜ್ಜಿಕೊಳ್ಳುತ್ತೀರಿ ಎಂದು ಅತ್ತೆ ದೂರಿದಳು. ಉಜ್ಜಬೇಡಿ. ಈ ಕಾಗದವನ್ನು ಅವಳೇ ಓದಿ ಹೇಳಲಿ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿ ನೆಟ್ಟ ಗುಲಾಬಿ ಉಳಿಯುತ್ತದೆಯೇ ಎಂದು ಕೇಳಿದ್ದಿರಿ. ಬುಡದಲ್ಲಿ ಎದ್ದಿದ್ದ ಗಂಟನ್ನು ನಮ್ಮ ಲ್ಯಾಬಿಗೆ ಒಯ್ದು ನಾನೇ ಪರೀಕ್ಷೆ ಮಾಡಿದೆ. ನೀವು ಗೊಬ್ಬರದವನಿಗೆ ಬೈದದ್ದು ದಂಡ. ಅದು ಮಣ್ಣಿನ ಬ್ಯಾಕ್ಟೀರಿಯಾ, ಎಷ್ಟೋ ತೋಟಗಳಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ. ಕಣ್ಣಿಲ್ಲ, ಮೂಗಿಲ್ಲ, ಆದರೂ ಸುತ್ತ ಏನು ನಡೆಯುತ್ತಿದೆ ಎಂಬುದು ಅದಕ್ಕೆ ನಮ್ಮ ಬೀದಿಯ ಇಸ್ತ್ರಿಯವಳಿಗಿಂತ ಚೆನ್ನಾಗಿ ಗೊತ್ತು. ಬೇರಿಗೆ ಗಾಯವಾದರೆ ರಸ ಜಿನುಗುತ್ತದಲ್ಲ, ಆ ರಸದ ಜಾಡು, ಜೊತೆಗೆ ತುಸು ಸಕ್ಕರೆ, ತುಸು ಹುಳಿ, ಇವು ಮೈಗೆ ತಾಗಿದರೆ ಎಚ್ಚರಗೊಂಡು ಗಾಯದ ಕಡೆಗೆ ಈಜುತ್ತದೆ. ತನ್ನ ವಂಶವಾಹಿಯ ಒಂದು ಚೂರನ್ನು ಗಿಡದೊಳಗೆ ತೂರಿಸುತ್ತದೆ. ಆಮೇಲೆ ಗಿಡ ತನ್ನ ಮೈಯಲ್ಲೇ ಗಂಟು ಕಟ್ಟಿಕೊಂಡು ಅದಕ್ಕೆ ಊಟ ಒದಗಿಸುತ್ತಾ ಕೂರುತ್ತದೆ, ಬಂದ ನೆಂಟ ಅಡುಗೆಮನೆಯ ಬೀಗದ ಕೈ ಇಸಿದುಕೊಂಡ ಹಾಗೆ.

ಗಾಯವಿಲ್ಲದೆ ಅದು ಏನೂ ಮಾಡಲಾರದು, ತಾತಾ. ಹಾಗಾದರೆ ಗಾಯ ಮಾಡಿದ್ದು ಯಾರು? ಅಜ್ಜಿ ಹೋದಾಗಿನಿಂದ ಪ್ರತಿ ಭಾನುವಾರ ಗುದ್ದಲಿ ಹಿಡಿದು, “ಬೇರಿಗೆ ಗಾಳಿ ಆಡ್ಬೇಕು ಕಣೇ” ಎಂದು ಬುಡ ಕೆದಕುತ್ತಿದ್ದವರು ನೀವು. ಬೇರು ತುಂಡಾಗುತ್ತಿದ್ದುದು ನಿಮಗೆ ಕಾಣುತ್ತಿರಲಿಲ್ಲ, ಕಣ್ಣಿಗೆ ಪೊರೆ ಬಂದಿತ್ತು. ಅತಿಯಾದರೆ ಅಮೃತವೂ ವಿಷ ಎಂದು ನನಗೆ ಹೇಳಿಕೊಟ್ಟವರೂ ನೀವೇ. ಬರೆಯುವಾಗ ನನಗೆ ಸಂಕಟವಾಗುತ್ತಿದೆ. ಆದರೆ ಪಾಪ, ಆ ಗೊಬ್ಬರದವನು ಇನ್ನೂ ನಮ್ಮ ಗೇಟಿನ ಮುಂದೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ.

ಅತ್ತೆಗೂ ಮಾವನಿಗೂ ನನ್ನ ನಮಸ್ಕಾರ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ, ಕಣ್ಣಿನ ಮೇಲೆ ಬೇಡ.

ನಿಮ್ಮ ಮೊಮ್ಮಗಳು,
ತರಲೆ

ಇನ್ನೊಂದು ಮಾತು: ಅತ್ತೇ, ಇಲ್ಲಿಂದ ಮುಂದಿನದನ್ನು ತಾತನ ಊಟವಾದ ಮೇಲೆ ನಿಧಾನವಾಗಿ ಓದು. ಗಂಟು ಬೇರಿಗೆಲ್ಲ ಹಬ್ಬಿತ್ತು, ಮದ್ದಿರಲಿಲ್ಲ. ಗಿಡವನ್ನು ನಿನ್ನೆ ನಾನೇ ಕಿತ್ತು ಸುಟ್ಟೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಕಣ್ಣೀರು ಹಾಕುತ್ತಿದ್ದಾಗ ಎದುರುಮನೆಯ ದರ್ಜಿಯವಳು ಬಂದಳು. ಅಜ್ಜಿ ಎಂದೋ ಕೊಟ್ಟ ಕಡ್ಡಿ ಅವಳ ಹಿತ್ತಲಲ್ಲಿ ಗಿಡವಾಗಿದೆಯಂತೆ. ಮಹಾ ಸೋಮಾರಿ, ನೆಟ್ಟವಳು ತಿರುಗಿಯೂ ನೋಡಿಲ್ಲ. ಹೋಗಿ ನೋಡಿದೆ: ಎಲ್ಲೂ ಗಂಟಿಲ್ಲ, ಮೈತುಂಬ ಹೂವು, ಅದೇ ಬಣ್ಣ. ಕಡ್ಡಿ ಕೊಡುತ್ತಾಳೆ, ಆದರೆ ಷರತ್ತು ಹಾಕಿದ್ದಾಳೆ: “ಮೊದ್ಲು ನಿಮ್ಮ ತಾತನ ಗುದ್ದಲಿ ತಂದು ನನ್ನ ಹತ್ರ ಇಡು.” ಇಟ್ಟು ಬಂದಿದ್ದೇನೆ. ಕುಂಡಕ್ಕೆ ಹೊಸ ಮಣ್ಣೂ ತುಂಬಿದ್ದೇನೆ. ಕಡ್ಡಿ ಕತ್ತರಿಸುವುದು ನೀವು ಬಂದ ಮೇಲೆಯೇ, ತಾತಾ. ಪೊರೆ ಹೋದ ಕಣ್ಣಲ್ಲಿ ಮೊದಲು ಆ ಬಣ್ಣ ನೋಡಿ, ಆಮೇಲೆ ನೆಡಿ.