ಪೆನ್ನು ಕೆಳಗಿಟ್ಟು ಕೇಳಿದ್ದು

ಸೋಮವಾರ, ಸಂಜೆ

ರೀ,

ಹೇಗೆ ಸಂಬೋಧಿಸಬೇಕೋ ತೋಚದೆ ಹಳೆಯ ಅಭ್ಯಾಸವೇ ಕೈಗೆ ಬಂತು. ಬೇಸರವಾದರೆ ಹೊಡೆದುಹಾಕಿ ಮುಂದೆ ಓದಿ. ಫೋನ್ ಮಾಡಿದರೆ ಮಾತಿಗೆ ಮಾತು ಬೆಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ನಾನೇ ಬಂದು ನಿಮ್ಮ ಬಾಗಿಲ ಸಂದಿಯಲ್ಲಿ ಹಾಕಿಹೋಗುತ್ತೇನೆ.

ಬೇರೆ ಬೇರೆ ಮನೆ ಮಾಡಿಕೊಂಡ ಮೇಲೂ ನನ್ನ ತರಗತಿಗೆ ಇಂಗ್ಲಿಷ್ ಸಂಭಾಷಣೆಗಳನ್ನು ಓದಿ, ರೆಕಾರ್ಡ್ ಮಾಡಿ ಕಳಿಸುವುದನ್ನು ನೀವು ಬಿಟ್ಟಿಲ್ಲ. ಆ ಉಪಕಾರ ಮರೆತಿಲ್ಲ. ಈ ಸಲದ ತಂಡದಲ್ಲಿ ಎಲ್ಲರೂ ನರ್ಸ್‌ಗಳು; ಹೊರದೇಶದ ಕೆಲಸಕ್ಕೆ ಇಂಗ್ಲಿಷ್ ಕೇಳಿ ಅರ್ಥಮಾಡಿಕೊಳ್ಳುವ ಪರೀಕ್ಷೆ ಪಾಸಾಗಬೇಕು. ಒಂದು ಪದ ತಪ್ಪಿದರೆ ಅದರ ಹಿಂದೆ ಓಡಿ ಮುಂದಿನ ನಾಲ್ಕು ಪದ ಕಳೆದುಕೊಳ್ಳುತ್ತಾರೆ. ಅದಕ್ಕೇ ಮೊದಲ ಸಲ ಯಾರೂ ಪೆನ್ನು ಮುಟ್ಟಬಾರದು ಎಂದಿದ್ದೇನೆ. ಯಾರು ಮಾತಾಡುತ್ತಿದ್ದಾರೆ, ಹೇಗಿದ್ದಾರೆ, ಅಷ್ಟೇ ಹೇಳಬೇಕು. ಪ್ರಶ್ನೆಗಳೆಲ್ಲ ಎರಡನೇ ಸಲಕ್ಕೆ.

ಇವತ್ತು ನಿಮ್ಮ ಹೊಸ ರೆಕಾರ್ಡಿಂಗ್ ಹಾಕಿದೆ, ಹೋಟೆಲಿನಲ್ಲಿ ರೂಮು ಕೇಳುವವನದು. ಸಿಟ್ಟಿನಲ್ಲಿದ್ದಾನೆ ಎಂದಳು ಒಬ್ಬಳು, ಅವಸರದಲ್ಲಿದ್ದಾನೆ ಎಂದಳು ಇನ್ನೊಬ್ಬಳು. ಹಿಂದಿನ ಬೆಂಚಿನಲ್ಲಿ ಹೃದ್ರೋಗ ವಾರ್ಡಿನ ನರ್ಸ್ ಒಬ್ಬಳು ಕೂರುತ್ತಾಳೆ. ಅವಳು ಕೈ ಎತ್ತಿ, "ಇಂಗ್ಲಿಷ್ ಅಷ್ಟಾಗಿ ತಿಳೀಲಿಲ್ಲ ಮೇಡಂ. ಆದ್ರೆ ಆ ಸರ್‌ಗೆ ಒಂದು ಮಾತು ಮುಗಿಸೋಕೂ ಉಸಿರು ಸಾಲ್ತಿಲ್ಲ. ನಮ್ಮ ವಾರ್ಡಿಗೆ ಬರೋರು ಹೀಗೇ ಮಾತಾಡ್ತಾರೆ" ಅಂದಳು.

ಎಲ್ಲರೂ ನಕ್ಕರು. ಅದು ಸುಮ್ಮನೆ ನೋಡಿ ಓದಿದ್ದು, ಉತ್ತರ ತಪ್ಪು ಎಂದು ನಾನೂ ಹೇಳಿಬಿಟ್ಟೆ. ಎರಡನೇ ಸಲ ಹಾಕಿದಾಗ ನನಗೂ ಕೇಳಿಸಿತು. ಮೆಟ್ಟಿಲು ಹತ್ತಿ ಬಂದವರೇ ಓದಿರಬೇಕು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ನಿಮ್ಮ ಮನೆ ಇರುವುದು ನೆಲಮಹಡಿಯಲ್ಲಿ.

ನಿಮಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ, ಗೊತ್ತು. ಗ್ಯಾಸು ಅನ್ನುತ್ತೀರಿ, ವಯಸ್ಸು ಅನ್ನುತ್ತೀರಿ. ನಮ್ಮ ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ಮುಂದುವರಿಸೋಣ. ನನಗೆ ಹೆದರಿಕೆಯಾಗಿದೆ ರೀ. ಒಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳಿ.

ಇಂತಿ,
ನೀವೇ ಹೆಸರಿಟ್ಟ
ಟೀಚರಮ್ಮ

ತಾ.ಕ.: ತರಗತಿ ಮುಗಿದ ಮೇಲೆ ಆ ನರ್ಸಿಗೆ ಕ್ಷಮೆ ಕೇಳಿ, ಅದು ಯಾರ ಧ್ವನಿ ಎಂದು ಹೇಳಿದೆ. ತನ್ನ ಆಸ್ಪತ್ರೆಯಲ್ಲೇ ಬುಧವಾರ ಬೆಳಿಗ್ಗೆಗೆ ನಿಮ್ಮ ಹೆಸರು ಬರೆಸಿದ್ದಾಳೆ. ಜೊತೆಗೆ ಯಾರು ಬರುತ್ತಾರೆ, ಏನಾಗಬೇಕು ಎಂದು ಕೇಳಿದಳು. ಹೆಂಡತಿ ಎಂದೇ ಬರೆಸಿದ್ದೇನೆ.