ಮಾನ್ಯಾಳ ಲಂಗೋಟಿ

ಮಾರ್ಚ್ 9, 2009. ಸೋಮವಾರ, ಬೆಳಗ್ಗೆ 10:20

ಬೆಳಗ್ಗೆಯಿಂದ ಇದು ನಾಲ್ಕನೇ ಲಂಗೋಟಿ. ಹಾಲು ಕುಡಿದು ಹತ್ತು ನಿಮಿಷ ಆಗ್ತಿದ್ದ ಹಾಗೆ ಮಾನ್ಯಾ ಮುಖ ಕೆಂಪಗೆ ಮಾಡ್ಕೋತಾಳೆ. ಬಿಚ್ಚಿದೆ, ಒರೆಸಿದೆ. ಹೊಸ ಬಟ್ಟೆ ಮಡಿಸೋ ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಓಡಿ ಬಂದ್ರು. "ಬಿಡ್ರಿ ಅಳಿಯಾರ, ಬಿಡ್ರಿ. ನೀವು ಕಂಪ್ಯೂಟರ್ ನೋಡ್ರಿ." ಕೈಯಿಂದ ಕಿತ್ಕೊಂಡೇಬಿಟ್ರು.

ಕಂಪ್ಯೂಟರಿನಲ್ಲಿ ನೋಡೋಕೆ ಏನಿದೆ... ಜನವರಿ 23ಕ್ಕೆ ಕೆಲಸ ಹೋಯ್ತು. ಬ್ರೇಕ್ ಡಿಸೈನ್ ಟೀಮಿನ ಹನ್ನೊಂದು ಜನ, ಒಂದೇ ಮಧ್ಯಾಹ್ನ. ಆಗ ಮಗಳಿಗೆ ಐದು ವಾರ. ಈಗ ಹತ್ತಿರ ಮೂರು ತಿಂಗಳು. ಡೆಟ್ರಾಯಿಟಿನ ಸುತ್ತ ಯಾರೂ ಯಾರನ್ನೂ ತಗೋತಿಲ್ಲ.

ಡೈಪರ್ ಬದಲು ಬಟ್ಟೆ, ಇದು ಹೆಂಡತಿ ಶಿವಾನಿಯ ನಿರ್ಧಾರ. ಬಸುರಿಯಾಗಿದ್ದಾಗಲೇ ಹೇಳಿದ್ಲು — ಪ್ಲಾಸ್ಟಿಕ್ ಬೇಡ, ಒಂದು ಮಗುವಿನಿಂದ ಅಷ್ಟು ಕಸ ಬೇಡ. ಆನ್‌ಲೈನಲ್ಲಿ ಎರಡು ಡಜನ್ ತರಿಸಿದ್ಲು. ದಪ್ಪ. ಒಣಗೋಕೆ ಒಂದೂವರೆ ದಿನ. ಫೆಬ್ರವರೀಲಿ ಅತ್ತೆ ಗದಗಿನಿಂದ ಬಂದ್ರು, ಅರ್ಧ ಸೂಟ್‌ಕೇಸು ಮಾವನ ಹಳೇ ಧೋತರ. ಚೌಕ ಕತ್ತರಿಸಿ, ಅಂಚು ಹೊಲಿದು. ಮೂರು ಗಂಟೇಲಿ ಒಣಗುತ್ತೆ. ಗೆದ್ದಿದ್ದು ಧೋತರ.

ಮಾರ್ಚ್ 12, ಗುರುವಾರ

ಲಾಂಡ್ರಿ ರೂಮಿನಲ್ಲಿ ನೋಟೀಸು. ಕೆಂಪು ಅಕ್ಷರ. ಮಕ್ಕಳ ಗಲೀಜು ಬಟ್ಟೆ ಈ ಮೆಶೀನುಗಳಿಗೆ ಹಾಕುವಂತಿಲ್ಲ. ಹೆಸರು ಬರೆದಿಲ್ಲ. ಬಿಲ್ಡಿಂಗಿನಲ್ಲಿ ಕೂಸು ಇರೋದು ನಮ್ಮನೇಲಿ ಮಾತ್ರ.

ಅತ್ತೆಗೆ ಓದಿ ಹೇಳಿದೆ. "ಇಷ್ಟ ಅಲ್ಲೇನು? ಮಷಿನ್ ಯಾರಿಗೆ ಬೇಕಾಗೇತಿ." ಬಾತ್‌ಟಬ್ಬಿನ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡು ಶುರುಮಾಡೇಬಿಟ್ರು. ಬಾಲ್ಕನೀಲಿ ಒಣಹಾಕೋ ಹಾಗೂ ಇಲ್ಲ. ಲಿವಿಂಗ್ ರೂಮಿಗೆ ಅಡ್ಡಡ್ಡ ಹಗ್ಗ. ಸೋಫಾದಿಂದ ಫ್ರಿಜ್ಜಿಗೆ ಹೋಗ್ಬೇಕಾದ್ರೆ ತಲೆ ಬಗ್ಗಿಸ್ಬೇಕು. ಹೊರಗೆ 19 ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟೋ ಚಳಿ.

ಮಾರ್ಚ್ 19, ಗುರುವಾರ

ಅತ್ತೆ ಕೈ ನೋಡ್ದೆ. ಮಗೂನ ನನ್ನ ತೋಳಿಗೆ ದಾಟಿಸುವಾಗ. ಗೆಣ್ಣುಗೆಣ್ಣಲ್ಲೂ ಸೀಳು. ಎರಡು ಕಡೆ ರಕ್ತ. ಬಿಸಿನೀರು, ಸೋಪು, ಹೀಟರಿನ ಒಣ ಗಾಳಿ. ನೋಡಿದ್ದು ಗೊತ್ತಾಗಿ ಸೆರಗಿನೊಳಗೆ ಎಳ್ಕೊಂಡ್ರು.

"ಶಿವೂಗ ಹೇಳಬ್ಯಾಡ್ರಿ."

ಹೇಳಲ್ಲ ಅಂದೆ. ಸಂಜೆ ಹೇಳ್ದೆ.

ಮಾರ್ಚ್ 21, ಶನಿವಾರ

ಶಿವಾನಿ ಆಸ್ಪತ್ರೇಲಿ ಡಾಕ್ಟರ್ ಡ್ಯೂಟಿ ಮುಗಿಸಿ ಬರ್ತಾ ದೊಡ್ಡ ಪ್ಯಾಕ್ ತಂದ್ಲು. ಡಿಸ್ಪೋಸಬಲ್ಲೇ, ಆದ್ರೆ ಇಕೋ-ಫ್ರೆಂಡ್ಲಿ. ಬಿಳಿ ಅಲ್ಲ, ಅಂಚೆ ಕವರಿನ ಕಂದು.

"ಅವ್ವ, ನಾಳಿಂದ ಬಟ್ಟಿ ಬಂದ್. ಇದರಾಗ ಕ್ಲೋರಿನ್ ಇಲ್ಲ. ಗೋವಿನಜೋಳದ ಹಿಟ್ಟಿಂದ ಮಾಡ್ಯಾರ."

"ಗೋವಿನಜೋಳ ತಂದು ಕೂಸಿನ ಕುಂಡಿಗೆ ಕಟ್ತಾರೇನ?"

ನಂಗೆ ನಗು ಬಂತು. ಶಿವಾನಿ ನೋಡಿದ ನೋಟಕ್ಕೆ ನಿಂತೂ ಹೋಯ್ತು.

"ನಿನ್ನ ಕೈ ನೋಡ್ಕೊ. ಊರ ಮಂದಿ ಕೈ ನೋಡ್ತೀನಿ ನಾ, ಮನ್ಯಾಗ ಅವ್ವನ ಕೈ ಹಿಂಗಾಗೈತಿ."

"ಬಟ್ಟೀನ ಕಟ್ಟಬೇಕು ಅಂದಾಕಿ ನೀನ."

"ಈಗ ಬ್ಯಾಡ ಅನ್ನಾಕಿನೂ ನಾನ."

ಅತ್ತೆ ನನ್ನ ಕಡೆ ನೋಡ್ಲಿಲ್ಲ. ಹೇಳ್ದೋನು ಯಾರು ಅಂತ ಗೊತ್ತು. ಹಗ್ಗ ಬಿಚ್ಚಿದ್ರು. ಧೋತರದ ಚೌಕಗಳನ್ನ ಒಂದರ ಮೇಲೊಂದು ಇಟ್ಟು ಸೂಟ್‌ಕೇಸಿಗೆ ಹಾಕಿದ್ರು. ರೂಮು ಇದ್ದಕ್ಕಿದ್ದ ಹಾಗೆ ದೊಡ್ಡದಾಗಿ ಕಾಣ್ತಿದೆ.

ಮಾರ್ಚ್ 24, ಮಂಗಳವಾರ, ಮಧ್ಯಾಹ್ನ

ರೆಸ್ಯೂಮೆ ಪ್ರಿಂಟ್ ಮಾಡೋಕೆ ಲೈಬ್ರರಿಗೆ ಹೋಗಿದ್ದೆ, ಭಾನುವಾರದಿಂದ ದಿನಾ ಅಲ್ಲಿಗೇ. ಪ್ರಿಂಟರ್ ಕೆಟ್ಟಿತ್ತು. ಬೇಗ ವಾಪಸ್ ಬಂದೆ. ಬಾತ್‌ರೂಮಿನಲ್ಲಿ ನೀರಿನ ಸದ್ದು.

ಅತ್ತೆ ಅದೇ ಸ್ಟೂಲಿನ ಮೇಲೆ. ಮೊಣಕೈವರೆಗೆ ನೊರೆ. ಬಾಗಿಲ ಹತ್ರ ತೂಗೋ ಬೌನ್ಸರ್ ಕುರ್ಚೀಲಿ ಮಾನ್ಯಾ, ಸೊಂಟಕ್ಕೆ ಧೋತರ. ನಾವಿಬ್ರೂ ಇಲ್ದಾಗ ಬಟ್ಟೆ, ನಾವು ಬರೋ ಹೊತ್ತಿಗೆ ಕಂದು ಡೈಪರ್. ಮೂರು ದಿನದಿಂದ!

ಪಕ್ಕ ಮಂಡಿಯೂರಿ ಅವರ ಕೈಲಿದ್ದ ಬಟ್ಟೆ ಹಿಡಿದೆ. ಅವರು ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ.

"ಕೊಡಿ ಅತ್ತೆ. ನಾನೂ ಒಗೀಬಲ್ಲೆ. ನನ್ನ ಮಗಳೇ ತಾನೆ?"

"ಗೊತ್ತೈತ್ರಿ."

"ಮತ್ತೆ? ಗಂಡಸು ಅಂತಾನಾ? ಕೆಲಸ ಇಲ್ದೋನು ಅಂತಾನಾ?"

ಬಾಯಿ ತಪ್ಪಿ ಬಂತು. ಅತ್ತೆ ಮೊದಲ ಸಲ ನನ್ನ ಮುಖ ನೇರ ನೋಡಿದ್ರು.

"ಅಲ್ರಿ ಅಳಿಯಾರ... ಶಿವೂ ಹುಟ್ಟಿ ಮೂರು ತಿಂಗಳಿಗೆ ನನಗ ಗಜೇಂದ್ರಗಡದ ಸಾಲಿಗೆ ಆರ್ಡರ್ ಬಂತು. ಟೀಚರ್ ನೌಕರಿ, ಬಿಡೂ ಹಂಗಿರಲಿಲ್ಲ. ಆಕಿನ್ನ ನಮ್ಮ ಅತ್ತಿ ಕಡೆ ಬಿಟ್ಟು ಹ್ವಾದೆ. ಶನಿವಾರ ಬರೂದು, ಸೋಮವಾರ ನಸುಕಿನಾಗ ಬಸ್ ಹಿಡಿಯೂದು. ನಾಕು ವರ್ಷ. ಆಕಿ ಹಲ್ಲು ಯಾವಾಗ ಬಂತು, ನನಗ ಗೊತ್ತಿಲ್ಲ. ಆಕಿದು ಒಂದು ಲಂಗೋಟಿ ಸೈತ ನಾ ಒಗದಿಲ್ಲ." ಬಟ್ಟೇನ ತಮ್ಮ ಕಡೆ ಎಳೆದ್ರು. "ಇವನ್ನರ ಒಗೀತೀನಿ, ಬಿಡ್ರಿ."

ಬಿಟ್ಟೆ.

ಬಾಗಿಲಲ್ಲಿ ಮಾನ್ಯಾ ಪಕ್ಕ ಕೂತು ನೋಡ್ತಾ ಇದ್ದೆ. ಉಜ್ಜಿ, ಹಿಂಡಿ, ಬಲ್ಬಿಗೆ ಎತ್ತಿ ಹಿಡಿದು ಕಲೆ ಹುಡುಕಿ, ಮತ್ತೆ ಉಜ್ಜೋದು. ಸೀಳಿಗೆ ಸೋಪು ತಾಗಿದಾಗ ಕೈ ಒಂದು ಕ್ಷಣ ನಿಲ್ಲುತ್ತೆ. ಮತ್ತೆ ಉಜ್ಜೋದು.

ಮಾರ್ಚ್ 25, ಬುಧವಾರ, 2 ಗಂಟೆ

ಶಿವಾನಿಯನ್ನ ಪಿಕಪ್ ಮಾಡಿದೆ. ಮೂವತ್ತು ಗಂಟೆ ಡ್ಯೂಟಿ ಮಾಡಿ ಬಂದಿದ್ಲು. ಪಾರ್ಕಿಂಗಿನಲ್ಲೇ ಎಲ್ಲ ಹೇಳಿದೆ. ಈ ಸಲ ಯಾರೂ ಹೇಳ್ಬೇಡ ಅಂದಿರ್ಲಿಲ್ಲ.

ಸೀಟ್ ಬೆಲ್ಟ್ ಹಾಕ್ಕೊಳ್ತಿದ್ದ ಕೈ ಅಲ್ಲೇ ನಿಂತುಹೋಯ್ತು.

"ನಂಗೆ ಅವ್ವನ ಮೇಲೆ ಯಾವತ್ತೂ ಸಿಟ್ಟೇ ಇರ್ಲಿಲ್ಲ ವಿಶ್ರುತ್. ಶನಿವಾರ ಅಂದ್ರೆ ಹಬ್ಬ. ಅಜ್ಜಿ ನನ್ನ ಎತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗ್ತಿದ್ಲು. ಅವ್ವ ಯಾಕೆ ಇಷ್ಟು ವರ್ಷ ಇದನ್ನ..."

ಅತ್ಲು. ಪಕ್ಕದ ಕಾರಿನವನು ನೋಡ್ದ. ನೋಡ್ಲಿ.

ಆಮೇಲೆ ಮೂಗು ಒರೆಸ್ಕೊಂಡು, "ರಬ್ಬರ್ ಕೈಗವಸು ಬೇಕು. ಮೊಣಕೈವರೆಗೆ ಬರೋದು. ಮುಲಾಮು ನಾನು ತಗೋತೀನಿ. ನಡಿ."

ಮಾರ್ಚ್ 27, ಯುಗಾದಿ

ಬೇವು ಸಿಗ್ಲಿಲ್ಲ. ಬೆಲ್ಲ ಮಾತ್ರ.

ಹೊಸ ವರ್ಷದ ಒಪ್ಪಂದ: ಮನೇಲಿ ಹಗಲು ಹೊತ್ತು ಧೋತರ. ಮಲಗಿಸುವಾಗ, ಹೊರಗೆ ಹೋಗುವಾಗ ಕಂದು ಡೈಪರ್. ಅತ್ತೆ ಕೈಗವಸು ಹಾಕ್ಕೊಂಡೇ ಒಗೀಬೇಕು. ನಾನು ಮಾತ್ರ ಟಬ್ಬಿನ ಹತ್ರ ಹೋಗೋ ಹಾಗಿಲ್ಲ, ಅದು ಅತ್ತೆ ಹಾಕಿದ ಶರತ್ತು.

ಊಟಕ್ಕೆ ಮುಂಚೆ ಶಿವಾನಿ ಅವ್ವನ ಕೈ ತೊಡೆ ಮೇಲೆ ಇಟ್ಕೊಂಡು ಒಂದೊಂದೇ ಬೆರಳಿಗೆ ಮುಲಾಮು ಹಚ್ಚಿದ್ಲು. ಹೋಳಿಗೆ ಆರಿಹೋಯ್ತು. ನಾನು ಕರೀಲಿಲ್ಲ.

ಏಪ್ರಿಲ್ 14, ಮಂಗಳವಾರ

ಬರೀದೆ ಹದಿನೆಂಟು ದಿನ ಆಯ್ತು. ಇಂಟರ್‌ವ್ಯೂ ಇತ್ತು, ಶಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ. ಪ್ರಸನ್ನ ಕೊಡಿಸಿದ್ದು. ಮೈಸೂರಿನಲ್ಲಿ ಇಂಜಿನಿಯರಿಂಗ್ ಜೊತೇಲಿ ಓದಿದವನು, ಈಗ ಶಿಕಾಗೋದವನು. ಶಿವಾನಿಗೆ ರಜ ಇಲ್ಲ. ಅತ್ತೆ, ಮಾನ್ಯಾ, ನಾನು ಕಾರಲ್ಲಿ ಹೊರಟ್ವಿ.

ದಾರೀಲಿ ಕಲಮಜೂ ಊರು ದಾಟಿದ ಮೇಲೆ ಕಂದು ಡೈಪರ್ ಕೈಕೊಡ್ತು. ಫ್ರಾಕು, ಬೆನ್ನು, ಕಾರ್ ಸೀಟು, ಕತ್ತಿನವರೆಗೆ. ರೆಸ್ಟ್ ಏರಿಯಾದಲ್ಲಿ ಅತ್ತೆ ಮಗೂನ ಪೂರ್ತಿ ತೊಳೆದು, ಬ್ಯಾಗಿನಿಂದ ಧೋತರ ತೆಗೆದು ಕಟ್ಟಿದ್ರು. ನಂಗೆ ಒಂದೇ ಮಾತು — "ಗೋವಿನಜೋಳ!" ಮಿಶಿಗನ್ ಗಡಿವರೆಗೂ ನಕ್ವಿ.

ಇಂಟರ್‌ವ್ಯೂ ಪರವಾಗಿಲ್ಲ. ಬರ್ತಾ ಶಿಕಾಗೋದ ಡೆವನ್ ರಸ್ತೆಯ ಇಂಡಿಯನ್ ಅಂಗಡಿಗಳಿಗೆ ಹೋದ್ವಿ. ಜೋಳದ ಹಿಟ್ಟು ಸಿಕ್ತು. ಅತ್ತೆ ಅಂಗಡೀಲೇ ಪ್ಯಾಕೆಟ್ ಮೂಗಿಗೆ ಹಿಡಿದು ನೋಡಿದ್ರು.

ಏಪ್ರಿಲ್ 17, ಶುಕ್ರವಾರ

ಕೆಲಸ ಸಿಕ್ತು. ಆರು ತಿಂಗಳ ಕಾಂಟ್ರ್ಯಾಕ್ಟ್. ಇಲ್ಲಿಂದ 280 ಮೈಲಿ. ಸೋಮವಾರದಿಂದ ಶುಕ್ರವಾರ ಪ್ರಸನ್ನನ ಮನೆ ಬೇಸ್‌ಮೆಂಟಲ್ಲಿ ವಾಸ.

ಶಿವಾನಿ, "ಹೋಗು. ಇನ್ನೊಂದು ಯಾವಾಗ ಸಿಗುತ್ತೋ" ಅಂದ್ಲು. ಅವಳು ಆಸ್ಪತ್ರೆಯ ರೆಸಿಡೆನ್ಸಿ ತರಬೇತಿ ಬಿಟ್ಟು ಬರೋ ಹಾಗಿಲ್ಲ. ಅತ್ತೆ ಆಗಸ್ಟಿನವರೆಗೆ ಇರ್ತಾರೆ. ಎಲ್ಲಾ ಸರಿ. ಆದ್ರೂ ಎದ್ದು ಬಾಲ್ಕನಿಗೆ ಹೋದೆ.

ಅತ್ತೆ ಚಹಾ ಹಿಡ್ಕೊಂಡು ಹಿಂದೇನೇ ಬಂದ್ರು.

"ನಾ ಅವತ್ತು ಹೇಳಿದ್ದು ನಿಮ್ಮನ್ನ ತಡಿಯಾಕ ಅಲ್ರಿ. ನೌಕರಿಗೆ ಹ್ವಾದದ್ದು ತಪ್ಪಲ್ಲ."

"ಮತ್ತೆ?"

"ಶನಿವಾರ ಬಂದಾಗ ದಣದೀನಿ ಅಂತ ಮಲಗತಿದ್ದೆ. ಅತ್ತಿ ಅದಾರ, ನೋಡ್ಕೋತಾರ ಅಂತ. ಅದು ತಪ್ಪು. ನೀವು ಹೋಗ್ರಿ. ಬಂದಾಗ ಮಲಗಬ್ಯಾಡ್ರಿ."

ಏಪ್ರಿಲ್ 26, ಭಾನುವಾರ, 3:30

ಇನ್ನರ್ಧ ಗಂಟೇಲಿ ಹೊರಡ್ಬೇಕು. ಮಾನ್ಯಾ ಮಲಗಿದಾಳೆ. ಎಬ್ಬಿಸ್ಬೇಡ ಅಂದ್ಲು ಶಿವಾನಿ.

ಎಬ್ಬಿಸ್ದೆ.

ಏಪ್ರಿಲ್ 29, ಬುಧವಾರ. ಲೊಂಬಾರ್ಡ್

ಕೆಲಸ ಒಳ್ಳೇದೇ. ಜನಾನೂ ಒಳ್ಳೇವ್ರು. ಪ್ರಸನ್ನನ ಹೆಂಡತಿ ಸಾರು ಚೆನ್ನಾಗಿ ಮಾಡ್ತಾರೆ.

ಊಟದ ಬಿಡುವಲ್ಲಿ ಫೋನ್. ಮಾನ್ಯಾ ಇವತ್ತು ಬೋರಲು ಬಿದ್ಲಂತೆ. ತಾನೇ ತಲೆ ಎತ್ತಿ ನೋಡಿದ್ಲಂತೆ.

ಅಂತೆ.

ಮೇ 2, ಶನಿವಾರ, ಬೆಳಗ್ಗೆ 6:50

ನಿನ್ನೆ ಬಂದು ಸೇರೋ ಹೊತ್ತಿಗೆ ಎಲ್ರೂ ಮಲಗಿದ್ರು. ಶಿಕಾಗೋಗಿಂತ ಇಲ್ಲಿ ಸಮಯ ಮುಂದೆ, ಈ ಕಡೆ ಬಂದ್ರೆ ಗಡಿಯಾರ ಬೇರೆ ಒಂದು ಗಂಟೆ ನುಂಗುತ್ತೆ. ಆರಕ್ಕೆ ಎದ್ದೆ. ಸೊಂಟ ಹಿಡ್ಕೊಂಡಿತ್ತು, ಇನ್ನೂ ಎರಡು ಗಂಟೆ ಬಿದ್ಕೊಳ್ಳೋಣ ಅನ್ಸಿತ್ತು.

ಬಾತ್‌ರೂಮಿನಲ್ಲಿ ಬಕೆಟ್ ತುಂಬ ಲಂಗೋಟಿ. ನೆನೆಹಾಕಿದ್ದು ಹಾಗೇ ಇದೆ. ಗಾಬರಿ ಆಯ್ತು. ಅತ್ತೆ ಅವತ್ತಿಂದು ಅವತ್ತೇ ಒಗೀದೆ ಮಲಗೋರಲ್ಲ. ಅಡುಗೆಮನೆಗೆ ಓಡಿದೆ. ಒಲೆ ಹತ್ರ ಚಹಾ ಕುದಿಸ್ತಾ ನಿಂತಿದ್ರು.

"ಏನಾಯ್ತು ಅತ್ತೆ? ಕೈ ಮತ್ತೆ ನೋವಾ?"

"ಇಲ್ರಿ." ಎರಡೂ ಕೈ ಚಾಚಿ, ತಿರುಗಿಸಿ ತೋರಿಸಿದ್ರು. ಸೀಳೆಲ್ಲ ಕೂಡಿವೆ. "ಅವು ನಿನ್ನೀವು. ನಿಮಗಂತ ಇಟ್ಟೀನಿ."

ಕೈಗವಸು ನನ್ನ ಕೈಗೆ ಹಿಡಿಯಲ್ಲ. ಬರಿಗೈಲೇ ಒಗೆದೆ. ಒಂದರ ಕಲೆ ಹೋಗ್ತಾನೇ ಇರ್ಲಿಲ್ಲ. ಅತ್ತೆ ಒಂದು ಸಲ ಬಂದು ಬಗ್ಗಿ ನೋಡಿ, "ತುದಿಯಾಗ ಇನ್ನೂ ಐತಿ" ಅಂದು ಹೋದ್ರು. ಮುಟ್ಲಿಲ್ಲ.

ಇನ್ನೂ ಐದು ಬಾಕಿ. ಒದ್ದೆ ಕೈಲೇ ಬರೀತಿದೀನಿ, ಹಾಳೆ ಉಬ್ಬುತ್ತಾ ಇದೆ. ಮಾನ್ಯಾ ಎದ್ಲು, ಅಳು ಶುರುವಾಯ್ತು. ಶಿವಾನಿಗೆ ಎಚ್ಚರ ಇಲ್ಲ. ಅತ್ತೆಗೆ ಕೇಳಿಸಿದೆ — ಇಲ್ಲಿಂದ ಕಾಣ್ತಿದೆ, ಒಲೆ ಆರಿಸಿ, ಸೆರಗಿಗೆ ಕೈ ಒರೆಸ್ಕೊಂಡು, ಅಲ್ಲೇ ನಿಂತಿದಾರೆ. ಹೋಗ್ತಿಲ್ಲ. ನನ್ನ ಕಡೆ ನೋಡ್ತಿದಾರೆ. ಬಂದೆ ಅತ್ತೆ, ಬಂ